90 ದಿನದ ಟೆಸ್ಟೋಸ್ಟೆರಾನ್ ಕೋರ್ಸ್ ಮುಗಿಸಿದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಒಂದು ಸ್ಟಾರ್. ಆ ಒಂದೂ ಡೆಲಿವರಿಗೆ, ಹೇಳಿದ ದಿನವೇ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಏರಿಸುತ್ತೇವೆ ಅನ್ನುವ ಇಂಥ ಕ್ಯಾಪ್ಸೂಲ್‌ಗಳನ್ನು ಹತ್ತಾರು ಹೆಸರಲ್ಲಿ ಮಾರುತ್ತಾರೆ, ಒಬ್ಬರನ್ನು ಬೈದರೆ ಉಳಿದವರೆಲ್ಲ ಬಚಾವ್. ಕಪ್ಪು ಡಬ್ಬಿ, ಚಿನ್ನದ ಬಣ್ಣದ ಅಕ್ಷರ, ತಲೆ ತಗ್ಗಿಸಿ ನುಗ್ಗಿ ಬರುತ್ತಿರುವ ಗೂಳಿ, ಕೆಳಗೆ ‘ನಲವತ್ತು ದಾಟಿದ ಗಂಡಸರಿಗೆ’ ಅಂತ ಒಂದು ಸಾಲು. ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನನಗೆ 47. ಗೂಳಿಯಾಗುವ ಆಸೆಯೇನೂ ಇರಲಿಲ್ಲ, ನಾನು ಕೊಂಡದ್ದು ನನ್ನ ಸಿಟ್ಟಿಗೆ ಮದ್ದು ಅಂತ. ಒಂದು ದಿನ ಮಗ ನನ್ನ ಫೋನನ್ನು ಚಾರ್ಜರ್‌ನಿಂದ ಕಿತ್ತು ತನ್ನದನ್ನು ಹಾಕಿಕೊಂಡಿದ್ದ. ನನ್ನದರಲ್ಲಿ ಇನ್ನೂ 60 ಪರ್ಸೆಂಟ್ ಇತ್ತು. ಅಷ್ಟಕ್ಕೇ ನಾನು ಕೂಗಿದ ಕೂಗಿಗೆ ಅವನು ಎದುರು ಮಾತಾಡಲಿಲ್ಲ, ಚಾರ್ಜರ್ ವಯರನ್ನು ನಿಧಾನಕ್ಕೆ ಸುತ್ತಿ ಮೇಜಿನ ಮೇಲಿಟ್ಟು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೊರಗೆ ಹೋದ. ಬಾಗಿಲು ಬಡಿದು ಹೋಗಿದ್ದರೆ ಇನ್ನೊಂದು ಸುತ್ತು ಕೂಗಿ ಮರೆತುಬಿಡುತ್ತಿದ್ದೆನೇನೋ. ಸದ್ದು ಮಾಡದೆ ಹೋದದ್ದೇ ರಾತ್ರಿಯಿಡೀ ಕೊರೆಯಿತು.

ಅದೊಂದೇ ಅಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳೂ ಬೇಡವಾಗಿದ್ದವು. ಮಂಚದ ವಿಷಯದಲ್ಲೂ ಆಸಕ್ತಿ ಕಮ್ಮಿಯಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ಡಬ್ಬಿ ಕೊಳ್ಳುವವರೆಲ್ಲ ಅದನ್ನು ಮುಚ್ಚಿಟ್ಟುಕೊಂಡೇ ಕೊಳ್ಳುವುದು. ‘ರೀ, ನಿಮಗೆ ಇತ್ತೀಚೆಗೆ ಏನಾಗಿದೆ?’ ಅಂತ ಹೆಂಡತಿ ಕೇಳಿದರೆ ಆ ಪ್ರಶ್ನೆಗೂ ಸಿಟ್ಟು.

ರಾತ್ರಿ ಒಂದೂವರೆಗೆ ಫೋನ್ ಹಿಡಿದು ಹುಡುಕುತ್ತಾ ಕೂತವನಿಗೆ ಈ ಕಂಪನಿಯ ಕ್ವಿಜ್ ಸಿಕ್ಕಿತು. ಹತ್ತು ಪ್ರಶ್ನೆ. ಊಟವಾದ ಮೇಲೆ ನಿದ್ದೆ ಬರುತ್ತದೆಯೇ? ಬೇಸರ, ಸಿಡುಕು ಇದೆಯೇ? ಶಕ್ತಿ ಕುಂದಿದೆಯೇ? ಎತ್ತರ ಕಮ್ಮಿಯಾಗಿದೆಯೇ? ಎತ್ತರ ಒಂದು ಬಿಟ್ಟು ಹೆಚ್ಚುಕಮ್ಮಿ ಎಲ್ಲಕ್ಕೂ ಹೌದು ಅಂದೆ. ಪರದೆ ಕೆಂಪಾಗಿ ‘ನಿಮ್ಮಲ್ಲಿ ಆಂಡ್ರೋಪಾಸ್ ಲಕ್ಷಣಗಳಿವೆ’ ಅಂದಿತು. ಈ ಪ್ರಶ್ನೆಗಳು ಕಂಪನಿಯವರ ಸ್ವಂತದ್ದಲ್ಲ ಅಂತ ಆಮೇಲೆ ತಿಳಿಯಿತು. 2000ದಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ‘ಆಡಮ್’ ಎಂಬ ಪ್ರಶ್ನಾವಳಿ ಅದು. ಅದರ ಗುಣ ಏನೆಂದರೆ, ನಿಜವಾಗಿ ಹಾರ್ಮೋನ್ ಕಮ್ಮಿ ಇರುವವರನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ದೋಷ ಏನೆಂದರೆ ಉಳಿದವರನ್ನೂ ಬಿಡುವುದಿಲ್ಲ. ಊಟವಾದ ಮೇಲೆ ನಿದ್ದೆ ಬರದ 47ರ ಗಂಡಸನ್ನು ನಾನಂತೂ ನೋಡಿಲ್ಲ.

ಆಂಡ್ರೋಪಾಸ್ ಅಂದರೆ ಗಂಡಸರ ಮೆನೋಪಾಸ್ ಅಂತ ಅರ್ಥ, ಆ ಪದದಲ್ಲೇ ಒಂದು ಕಳ್ಳತನ ಇದೆ. ಹೆಂಗಸರಿಗೆ ಮುಟ್ಟು ನಿಲ್ಲುವಾಗ ಅಂಡಾಶಯದ ಹಾರ್ಮೋನ್ ಕೆಲವೇ ವರ್ಷಗಳಲ್ಲಿ ಧೊಪ್ಪನೆ ಕುಸಿಯುತ್ತದೆ. ಗಂಡಸರಲ್ಲಿ ಹಾಗೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಮೂವತ್ತು ನಲವತ್ತು ದಾಟಿದ ಮೇಲೆ ಟೆಸ್ಟೋಸ್ಟೆರಾನ್ ವರ್ಷಕ್ಕೆ ಸುಮಾರು 1 ಪರ್ಸೆಂಟ್‌ನಂತೆ ಇಳಿಯುತ್ತದೆ, ಅದೂ ಎಲ್ಲರಲ್ಲಿ ಒಂದೇ ರೀತಿ ಅಲ್ಲ. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ ಇಳಿಯುತ್ತದೆ. ತೆಳ್ಳಗೆ ಆರೋಗ್ಯವಾಗಿರುವ ಎಪ್ಪತ್ತರವರಲ್ಲೂ ಚೆನ್ನಾಗಿಯೇ ಇರಬಹುದು.

ಇನ್ನು ಸರ್ವಿಸ್. ಕ್ವಿಜ್ ಮುಗಿದ ಮರುದಿನವೇ ಫೋನ್. ‘ಸಾರ್, ನಿಮಗೆ ಬ್ಲಡ್ ಟೆಸ್ಟ್ ಉಚಿತ, ನಾವೇ ಮನೆಗೆ ಬಂದು ಸ್ಯಾಂಪಲ್ ತೆಗೆದುಕೊಳ್ಳುತ್ತೇವೆ, ನಿಮಗೆ ಅನುಕೂಲದ ಟೈಮ್ ಹೇಳಿ.’ ಸಂಜೆ ನಾಲ್ಕು ಅಂದೆ. ಎಷ್ಟು ಒಳ್ಳೆಯವರು ಅಂತಲೂ ಅಂದುಕೊಂಡೆ. ಹುಡುಗ ಬಂದ, ಸೂಜಿ ಗೊತ್ತೇ ಆಗದ ಹಾಗೆ ರಕ್ತ ತೆಗೆದ, ಹೋದ. ಹಿಂದಿನ ರಾತ್ರಿ ನಾಲ್ಕು ಗಂಟೆಯಷ್ಟೂ ನಿದ್ದೆ ಆಗಿರಲಿಲ್ಲ, ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದೆ. ಆ ಎರಡನ್ನೂ ಯಾರೂ ಕೇಳಲಿಲ್ಲ. ರಿಪೋರ್ಟ್ ಬಂತು: 291 ನ್ಯಾನೋಗ್ರಾಂ, ಒಂದು ಡೆಸಿಲೀಟರ್ ರಕ್ತಕ್ಕೆ. ಪಕ್ಕದಲ್ಲಿ ಕೆಂಪು ಬಾಣ, ಕೆಳಮುಖ. ಸಾಮಾನ್ಯವಾಗಿ 300ರ ಕೆಳಗೆ ಇದ್ದರೆ ಕಮ್ಮಿ ಅಂತ ಲೆಕ್ಕ.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ವಿಚಿತ್ರ ಅಲ್ವಾ? ಕಾಯಿಲೆ ಇದೆ ಅಂದರೆ ಖುಷಿ! ಮಗನ ಮೇಲೆ ಕೂಗಿದ್ದು ನಾನಲ್ಲ, ನನ್ನ ಹಾರ್ಮೋನು ಅಂತ ಹೇಳಿಕೊಳ್ಳಲು ಒಂದು ಕಾಗದ ಸಿಕ್ಕಿತ್ತು. ಹೆಂಡತಿಗೆ ಅದೇ ಕಾಗದ ತೋರಿಸಿದೆ. ಅವಳು ಓದಿ, ಮಡಚಿ ಕೊಟ್ಟು, ‘ಆಯ್ತು, ತಗೊಳ್ಳಿ, ಆದರೆ ನೀವು ರಾತ್ರಿ ಗೊರಕೆ ಹೊಡೆಯುವುದನ್ನು ಒಂದು ಸಲ ಡಾಕ್ಟರಿಗೆ ತೋರಿಸಿ’ ಅಂದಳು. ಎರಡು ವರ್ಷದಿಂದ ಹೇಳುತ್ತಿದ್ದ ಮಾತು. ಸಂಬಂಧವೇ ಇಲ್ಲದ್ದನ್ನು ಎಲ್ಲಿಂದಲೋ ತಂದಳಲ್ಲ ಅಂತ ರೇಗಿದೆ.

ಡಬ್ಬಿ ಬಂತು. ದಿನಕ್ಕೆ ನಾಲ್ಕು ಕ್ಯಾಪ್ಸೂಲ್, ಒಂದೊಂದೂ ಹುಣಸೆ ಬೀಜದಷ್ಟು ದಪ್ಪ, ಒಂದು ಲೋಟ ನೀರಿಗೆ ಒಂದು ಇಳಿಯುತ್ತಿತ್ತು. ಲೇಬಲ್‌ನಲ್ಲಿ ಅಶ್ವಗಂಧ, ನೆಗ್ಗಿಲು, ಮೆಂತ್ಯದ ಸಾರ, ಡಿ-ಆಸ್ಪಾರ್ಟಿಕ್ ಆಸಿಡ್, ಜಿಂಕ್, ಬಯೋಟಿನ್. ಯಾವುದು ಎಷ್ಟಿದೆ? ಅದಿಲ್ಲ. ‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಬರೆದು ಎಲ್ಲ ಸೇರಿಸಿ ಒಂದೇ ತೂಕ ಹಾಕಿದ್ದಾರೆ. ಅಂದರೆ ಹತ್ತು ಸಾಮಾನು ಸೇರಿ ಇಷ್ಟು ಕಿಲೋ ಅಂತ ಅಂಗಡಿಯವನು ಚೀಟಿ ಬರೆದ ಹಾಗೆ. ಒಳಗೆ ಮುಕ್ಕಾಲು ಪಾಲು ಮೆಂತ್ಯವೇ ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಇದೆ ಅಂತ ನನ್ನ ಅನುಮಾನ, ಯಾಕೆಂದರೆ ಎರಡನೇ ವಾರದಿಂದ ಬೆವರಿಗೂ ಮೂತ್ರಕ್ಕೂ ಬೆಲ್ಲದ ಪಾಕದಂಥ ವಾಸನೆ ಶುರುವಾಯಿತು. ಮೆಂತ್ಯ ಜಾಸ್ತಿಯಾದರೆ ಹಾಗಾಗುತ್ತದೆ, ಹೆದರುವಂಥದ್ದೇನಲ್ಲ, ಆದರೆ ಡಬ್ಬಿಯ ಮೇಲೆ ಒಂದು ಸಾಲು ಬರೆಯಬಹುದಿತ್ತು. ನಾನು ಎರಡು ದಿನ ಸಕ್ಕರೆ ಕಾಯಿಲೆ ಬಂತೆಂದು ನಿದ್ದೆಗೆಟ್ಟೆ.

ಮೊದಲ ವಾರ ಮಾತ್ರ ಅದ್ಭುತ. ಬೆಳಿಗ್ಗೆ ಬೇಗ ಎದ್ದೆ, ನಡೆದೆ, ಯಾರ ಮೇಲೂ ರೇಗಲಿಲ್ಲ. ಸುಮ್ನೆ ಕೂತಾಗಲೂ ಏನೋ ಹುರುಪು. ಇದರ ಅಪ್ಪನಂಥ ಕತೆ 1889ರಲ್ಲೇ ನಡೆದಿದೆ. ಬ್ರೌನ್-ಸೆಕಾರ್ ಅಂತ ಪ್ಯಾರಿಸ್ಸಿನ ದೊಡ್ಡ ವೈದ್ಯ, ಆಗ ಅವರಿಗೆ 72. ನಾಯಿ ಮತ್ತು ಗಿನಿ ಪಿಗ್‌ಗಳ ವೃಷಣ ಅರೆದು, ನೀರಿನಲ್ಲಿ ಸೋಸಿದ ರಸವನ್ನು ತಮಗೇ ಚುಚ್ಚಿಕೊಂಡರು. ಮೆಟ್ಟಿಲನ್ನು ಓಡಿ ಹತ್ತುವಷ್ಟು ಯೌವನ ಬಂತು ಅಂತ ವಿಜ್ಞಾನಿಗಳ ಸಭೆಯಲ್ಲೇ ಹೇಳಿದರು. ಆದರೆ ಟೆಸ್ಟೋಸ್ಟೆರಾನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಆ ರಸದಲ್ಲಿ ಇದ್ದದ್ದು ಅವರ ನಂಬಿಕೆ ಮಾತ್ರ. ನಿಜವಾದ ಹಾರ್ಮೋನನ್ನು ಬೇರ್ಪಡಿಸಿದ್ದು 1935ರಲ್ಲಿ. ಅಷ್ಟು ದೊಡ್ಡ ವಿಜ್ಞಾನಿಯೇ ಏಮಾರಿದ ಮೇಲೆ ನನ್ನದೇನು ಬಿಡಿ.

ಮೂರನೇ ವಾರಕ್ಕೆ ಹುರುಪು ಇಳಿಯಿತು. ಎರಡನೇ ತಿಂಗಳಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ವಿಷಯಕ್ಕೆ ಮನೆಯಲ್ಲಿ ಒಂದು ಗಂಟೆ ಜಗಳ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಸಾರ್, 90 ದಿನ ಪೂರ್ತಿ ಆಗಲಿ, ಮಧ್ಯದಲ್ಲಿ ಬಿಟ್ಟರೆ ರಿಸಲ್ಟ್ ಬರುವುದಿಲ್ಲ’. ಬಿಡಲಿಲ್ಲ.

90ನೇ ದಿನ ಮತ್ತೆ ಉಚಿತ ಟೆಸ್ಟ್. ಈ ಸಲ ಟೈಮ್ ಅವರೇ ಹೇಳಿದರು: ಬೆಳಿಗ್ಗೆ ಎಂಟು, ಖಾಲಿ ಹೊಟ್ಟೆ, ಹಿಂದಿನ ರಾತ್ರಿ ಚೆನ್ನಾಗಿ ಮಲಗಿ. ರಿಪೋರ್ಟ್ 402. ಹಸಿರು ಬಾಣ, ಮೇಲ್ಮುಖ! ‘ಕಂಗ್ರಾಜುಲೇಷನ್ಸ್ ಸಾರ್, 38 ಪರ್ಸೆಂಟ್ ಏರಿದೆ, ಈಗ ಇದನ್ನು ಹಿಡಿದಿಟ್ಟುಕೊಳ್ಳಲು ಆರು ತಿಂಗಳ ಕೋರ್ಸ್ ತಗೊಳ್ಳಿ.’ ನಾನು ತಗೊಳ್ಳುತ್ತಿದ್ದೆ, ಸುಳ್ಳು ಯಾಕೆ. ಆದರೆ ಹಾರ್ಮೋನ್ 38 ಪರ್ಸೆಂಟ್ ಏರಿದ ಮೇಲೂ ಸಿಟ್ಟು ಒಂದು ಪರ್ಸೆಂಟೂ ಇಳಿದಿರಲಿಲ್ಲ. ಆ ಲೆಕ್ಕ ಹೊಂದಲಿಲ್ಲ ಅಂತ ಮಾತ್ರ ಡಾಕ್ಟರ್ ಹತ್ತಿರ ಹೋದೆ.

ಡಾಕ್ಟರಮ್ಮ ಎರಡೂ ರಿಪೋರ್ಟನ್ನು ಅಕ್ಕಪಕ್ಕ ಇಟ್ಟುಕೊಂಡರು. ನಾನು 291, 402 ಅಂತ ಬಾಯಿಪಾಠ ಒಪ್ಪಿಸುತ್ತಿದ್ದರೆ ಅವರ ಕಣ್ಣು ಅಲ್ಲಿರಲಿಲ್ಲ. ಪೆನ್ನಿನ ತುದಿಯಿಂದ ಮೇಲಿನ ಮೂಲೆಯ ಸಣ್ಣ ಅಕ್ಷರಕ್ಕೆ ಒಂದೊಂದು ಗೆರೆ ಎಳೆದರು. ಒಂದರಲ್ಲಿ ಸ್ಯಾಂಪಲ್ ತೆಗೆದ ಸಮಯ 16:10, ಇನ್ನೊಂದರಲ್ಲಿ 08:05. ‘ನಿಮ್ಮ ಔಷಧಿ ಇದು’ ಅಂದರು.

ವಿಷಯ ಇಷ್ಟೇ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನ್ ಕಳಿಸಿ ವೃಷಣಕ್ಕೆ ಆರ್ಡರ್ ಕೊಡುತ್ತದೆ, ಅಲ್ಲಿ ಟೆಸ್ಟೋಸ್ಟೆರಾನ್ ತಯಾರಾಗುತ್ತದೆ. ಈ ತಯಾರಿ ನಿದ್ದೆಯಲ್ಲಿ ಏರುತ್ತಾ ಹೋಗಿ ಬೆಳಗಿನ ಜಾವದ ಹೊತ್ತಿಗೆ ತುದಿ ಮುಟ್ಟುತ್ತದೆ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ನಿದ್ದೆ ಕೆಟ್ಟರೂ ಇಳಿಯುತ್ತದೆ. 2011ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ ಐದೇ ಗಂಟೆ ನಿದ್ದೆ ಕೊಟ್ಟು ನೋಡಿದರೆ ಹಗಲಿನ ಮಟ್ಟ 10ರಿಂದ 15 ಪರ್ಸೆಂಟ್ ಕುಸಿದಿತ್ತು. ಅದಕ್ಕೇ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಪರೀಕ್ಷೆ ಮಾಡಿ ಎರಡರಲ್ಲೂ ಕಮ್ಮಿ ಬಂದರೆ ಮಾತ್ರ ಕಮ್ಮಿ ಅನ್ನುವುದು. ಕಂಪನಿಯವರು ನನ್ನ ಕೆಳಗಿನ ಅಂಕೆಯನ್ನು ಸಂಜೆ ತೆಗೆದರು, ಮೇಲಿನ ಅಂಕೆಯನ್ನು ಬೆಳಿಗ್ಗೆ ತೆಗೆದರು. ಮಧ್ಯದಲ್ಲಿ ಡಬ್ಬಿ ಇಟ್ಟರು. ಬೇಕೆಂದೇ ಮಾಡಿದರೋ ಗೊತ್ತಿಲ್ಲದೆ ಮಾಡಿದರೋ, ಎರಡನೇ ಸಲ ಅಷ್ಟು ಕರೆಕ್ಟಾಗಿ ಟೈಮ್ ಹೇಳಿದವರಿಗೆ ಮೊದಲನೇ ಸಲ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಅದರ ಮೇಲೆ ಆ ಬಯೋಟಿನ್ ಎಂಬ ವಿಟಮಿನ್ ಬೇರೆ. ಜಾಸ್ತಿ ಡೋಸ್‌ನಲ್ಲಿ ತಗೊಂಡರೆ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದಂತೆ. ಹಾರ್ಮೋನ್ ಏರಿಸುವ ಡಬ್ಬಿಯಲ್ಲಿ ರಿಪೋರ್ಟ್ ಏರಿಸುವ ಪುಡಿ! ನನ್ನ ಡಬ್ಬಿಯಲ್ಲಿ ಎಷ್ಟಿತ್ತು ಅಂತ ಆ ಬ್ಲೆಂಡ್ ದೇವರಿಗೇ ಗೊತ್ತು.

ಕ್ಯಾಪ್ಸೂಲ್ ನಿಲ್ಲಿಸಿ ಮೂರು ವಾರ ಬಿಟ್ಟು, ಎರಡು ಬೆಳಿಗ್ಗೆ ರಕ್ತ ಕೊಟ್ಟೆ. 418, 396. ಎಲ್‌ಎಚ್ ನಾರ್ಮಲ್. ಡಬ್ಬಿ ಇದ್ದಾಗ 402, ಡಬ್ಬಿ ಇಲ್ಲದಾಗಲೂ ಅದೇ ಆಸುಪಾಸು. ಈ ಪ್ರಾಡಕ್ಟ್‌ನ ಪೂರ್ತಿ ರಿವ್ಯೂ ಈ ಮೂರು ಅಂಕೆಯಲ್ಲಿದೆ, ಆತುರದಲ್ಲಿರುವವರು ಇಷ್ಟಕ್ಕೇ ಓದುವುದನ್ನು ನಿಲ್ಲಿಸಬಹುದು.

ಒಳಗಿದ್ದ ಸಾಮಾನುಗಳ ಬಗ್ಗೆ ಎರಡು ಮಾತು. ನೆಗ್ಗಿಲು ಮನುಷ್ಯರಲ್ಲಿ ಟೆಸ್ಟೋಸ್ಟೆರಾನ್ ಏರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಜಿಂಕ್ ಕೊರತೆ ಇರುವವರಿಗೆ ಜಿಂಕ್ ಕೆಲಸ ಮಾಡುತ್ತದೆ, ಕೊರತೆ ಇಲ್ಲದವರಿಗೆ ಸುಮ್ನೆ. ಅಶ್ವಗಂಧಕ್ಕೆ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಏರಿಕೆ ಕಂಡದ್ದುಂಟು, ಆದರೆ ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಕೊಟ್ಟದ್ದೂ ಉಂಟು. ಗಿಡಮೂಲಿಕೆ ಅಂದ ಕೂಡಲೇ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರಂತೂ ಕೇಳದೆ ಮುಟ್ಟಲೇಬೇಡಿ.

ಹಾಗಾದರೆ ನನ್ನ ಸಿಟ್ಟು? ಡಾಕ್ಟರಮ್ಮ ಒಂದು ಹಾಳೆ ಕೊಟ್ಟರು, ಅದರಲ್ಲಿ ಒಂಬತ್ತು ಪ್ರಶ್ನೆ. ಪಿಎಚ್‌ಕ್ಯೂ-9 ಅಂತಾರೆ, ಖಿನ್ನತೆ ಅಳೆಯುವುದಕ್ಕೆ. ನನಗೆ 27ಕ್ಕೆ 8 ಬಂತು, ಸೌಮ್ಯ ಮಟ್ಟದ್ದು. ಗಂಡಸರಲ್ಲಿ ಖಿನ್ನತೆ ಅಳುವಾಗಿ ಬರದೆ ಸಿಡುಕಾಗಿ ಬರುವುದೂ ಉಂಟು, ಅದಕ್ಕೇ ಮನೆಯವರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ ಅಂದರು. ಆಮೇಲೆ ‘ಗೊರಕೆ ಇದೆಯಾ?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಹೆಂಡತಿ ಫೋನ್ ತೆಗೆದು ರೆಕಾರ್ಡಿಂಗ್ ಹಾಕಿದಳು. ಯಾವಾಗ ಮಾಡಿಟ್ಟುಕೊಂಡಿದ್ದಳೋ! ಗರಗಸ ಎಳೆದ ಹಾಗೆ ಗೊರಕೆ, ಆಮೇಲೆ ಪೂರ್ತಿ ನಿಶ್ಶಬ್ದ. ನಾಲ್ಕು ಜನ ಕೂರುವ ಆ ಚಿಕ್ಕ ಕೋಣೆಯಲ್ಲಿ ಮೂವರೂ ಗಡಿಯಾರ ನೋಡುತ್ತಾ ಕೂತೆವು. ಇಪ್ಪತ್ತೆರಡು ಸೆಕೆಂಡ್. ಆಮೇಲೆ ಮುಳುಗಿದವನು ಮೇಲೆ ಬಂದ ಹಾಗೆ ಒಂದು ಉಸಿರು. ‘ಪ್ರತಿ ರಾತ್ರಿ ಇದನ್ನು ಕೇಳುತ್ತಾ ಎಣಿಸ್ತಾ ಇರ್ತೀನಿ ಡಾಕ್ಟ್ರೇ’ ಅಂದಳು. ನಾನು ನೆಲ ನೋಡಿದೆ.

ಸ್ಲೀಪ್ ಅಪ್ನಿಯಾ. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 23 ಸಲ ಉಸಿರು ನಿಲ್ಲುವುದೋ ಕಮ್ಮಿಯಾಗುವುದೋ ಆಗುತ್ತಿತ್ತು. 15ರಿಂದ 30ರ ಒಳಗೆ ಇದ್ದರೆ ಮಧ್ಯಮ. ಎಂಟು ಗಂಟೆ ಮಲಗಿದರೂ ಮಲಗದವನ ಹಾಗೆ ಏಳುತ್ತಿದ್ದೆ, ಸಿಟ್ಟು ಬರದೆ ಏನು ಮಾಡೀತು? ಈಗ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವ ಸಿಪ್ಯಾಪ್ ಮಷೀನ್ ಹಾಕಿಕೊಂಡು ಮಲಗುತ್ತೇನೆ, ಮೂಗಿಗೆ ಮಾಸ್ಕ್, ನೋಡಲು ಪೈಲಟ್ ಥರ. ಮೊದಲ ವಾರ ನರಕ. ಒಂದೂವರೆ ತಿಂಗಳಲ್ಲಿ ಮಧ್ಯಾಹ್ನದ ನಿದ್ದೆ ಹೋಯಿತು, ಸಿಟ್ಟು ಅರ್ಧಕ್ಕಿಂತ ಕಮ್ಮಿಯಾಯಿತು. ಪೂರ್ತಿ ಹೋಗಿಲ್ಲ. ಉಳಿದದ್ದು ನನ್ನ ಸ್ವಭಾವದ್ದೇ ಇರಬೇಕು, ಅದಕ್ಕೆ ಒಬ್ಬ ಕೌನ್ಸೆಲರ್ ಹತ್ತಿರ ಮಾತಾಡಲು ಹೋಗುತ್ತಿದ್ದೇನೆ.

ಟೆಸ್ಟೋಸ್ಟೆರಾನ್ ಕಮ್ಮಿಯಾಗುವುದೇ ಸುಳ್ಳು ಅಂತ ಇದನ್ನು ಓದಬೇಡಿ. ನಿಜವಾಗಿ ಕಮ್ಮಿ ಇರುವವರಿದ್ದಾರೆ, ಅವರ ಪಾಡು ಬೇರೆ. ಯೂರೋಪಿನ ಎಂಟು ಕಡೆ 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣವೂ ಇದ್ದು ರಕ್ತದಲ್ಲೂ ಕಮ್ಮಿ ಇದ್ದವರು 2.1 ಪರ್ಸೆಂಟ್. ಆ ಲಕ್ಷಣಗಳಲ್ಲಿ ಗಟ್ಟಿಯಾಗಿ ನಿಂತದ್ದು ಮೂರೇ: ಬೆಳಗಿನ ಉದ್ರೇಕ ಕಮ್ಮಿಯಾಗುವುದು, ಆಸೆ ಕಮ್ಮಿಯಾಗುವುದು, ನಿಮಿರುವಿಕೆಯ ತೊಂದರೆ. ಬರೀ ಸಿಟ್ಟು, ಬರೀ ಸುಸ್ತು ಇದ್ದರೆ ಹುಡುಕಬೇಕಾದ ಜಾಗ ಬೇರೆ ಇರಬಹುದು: ನಿದ್ದೆ, ಥೈರಾಯ್ಡ್, ಸಕ್ಕರೆ, ಕುಡಿತ, ತಗೊಳ್ಳುತ್ತಿರುವ ಮಾತ್ರೆ, ಮನಸ್ಸು.

ನನ್ನ ಗೆಳೆಯನೊಬ್ಬನಿಗೆ ಎರಡು ಬೆಳಿಗ್ಗೆಯೂ 180ರ ಹತ್ತಿರ ಬಂತು, ಎಲ್‌ಎಚ್ ಕೂಡ ಕಮ್ಮಿ. ಅಂದರೆ ತೊಂದರೆ ಕೆಳಗಿಲ್ಲ, ಆರ್ಡರ್ ಕೊಡುವ ಮೇಲಿನವನಲ್ಲೇ ಇದೆ. ಸ್ಕ್ಯಾನ್ ಮಾಡಿದರೆ ಪಿಟ್ಯುಟರಿಯಲ್ಲಿ ಒಂದು ಸಣ್ಣ ಗಡ್ಡೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸುರಿಸುತ್ತಿತ್ತು. ಕ್ಯಾನ್ಸರ್ ಅಲ್ಲ, ಮಾತ್ರೆಯಲ್ಲೇ ಕುಗ್ಗಿತು. ಅವನೂ ಒಂದು ವರ್ಷ ಇಂಥದ್ದೇ ಗೂಳಿ ಡಬ್ಬಿ ನುಂಗಿದ್ದ. ಅವನ ಕತೆ ಕೇಳಿದ ಮೇಲೆ ನನ್ನ ಒಂದು ಸ್ಟಾರನ್ನೂ ವಾಪಸ್ ತಗೊಳ್ಳೋಣ ಅನಿಸಿತು.

ಇಂಜೆಕ್ಷನ್, ಜೆಲ್ ಬಗ್ಗೆ ಕೇಳುವವರಿಗೆ: ಅದು ನಿಜವಾದ ಔಷಧಿ, ಹಾಗಾಗಿ ಅಡ್ಡ ಪರಿಣಾಮವೂ ನಿಜವಾದದ್ದೇ. ಹೊರಗಿನಿಂದ ಹಾರ್ಮೋನ್ ಬಂದರೆ ಪಿಟ್ಯುಟರಿ ಆರ್ಡರ್ ನಿಲ್ಲಿಸುತ್ತದೆ, ವೀರ್ಯಾಣು ತಯಾರಿ ಕುಸಿಯುತ್ತದೆ. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಇದನ್ನು ಹೇಳದೆ ಚುಚ್ಚುವವರ ಕಡೆ ಹೋಗಬೇಡಿ. ರಕ್ತ ದಪ್ಪವಾಗುತ್ತದೆಯೇ ಅಂತ ಆಗಾಗ ನೋಡುತ್ತಿರಬೇಕು. ಹೃದಯದ ಭಯ ಬಹಳ ದಿನ ಇತ್ತು. 2023ರಲ್ಲಿ ಬಂದ ಟ್ರಾವರ್ಸ್ ಎಂಬ ಅಧ್ಯಯನ 5,000ಕ್ಕೂ ಹೆಚ್ಚು ಮಂದಿಯನ್ನು ನೋಡಿತು. ಅವರೆಲ್ಲ ಹಾರ್ಮೋನ್ ನಿಜವಾಗಿಯೂ ಕಮ್ಮಿ ಇದ್ದವರು, ಹೃದ್ರೋಗ ಇದ್ದವರು ಅಥವಾ ಬರುವ ಅಪಾಯ ಇದ್ದವರು. ಜೆಲ್ ಹಚ್ಚಿಕೊಂಡವರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಾಗಲಿಲ್ಲ, ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. 2016ರಲ್ಲಿ ಪ್ರಕಟವಾದ, 65 ದಾಟಿದವರ ಮೇಲಿನ ಅಧ್ಯಯನದಲ್ಲಿ ಲೈಂಗಿಕ ಆಸಕ್ತಿ ಒಂದಿಷ್ಟು ಸುಧಾರಿಸಿತು, ಮೂಡ್ ಸುಧಾರಿಸಿದ್ದು ತೀರಾ ಚೂರು. ಸಿಟ್ಟಿಗೆ ಮದ್ದು ಅಂತ ಮಾರುವವರು ಈ ‘ಚೂರು’ ಅನ್ನುವ ಪದ ನುಂಗಿಬಿಡುತ್ತಾರೆ.

ರೀಫಂಡ್ ಕೇಳಿದ್ದೆ. ‘ರಿಪೋರ್ಟ್‌ನಲ್ಲಿ ಏರಿಕೆ ಇದೆಯಲ್ಲ ಸಾರ್, ಗ್ಯಾರಂಟಿ ಅನ್ವಯಿಸುವುದಿಲ್ಲ’ ಅಂದರು. ಹೋದ ವಾರ ಮತ್ತೆ ಫೋನ್, ಈ ಸಲ ಬೇರೆ ಹುಡುಗಿ, ತುಂಬ ಮರ್ಯಾದೆಯ ದನಿ. ಹಳೇ ಗ್ರಾಹಕರಿಗೆ ಆಫರ್ ಇದೆ, ಇನ್ನೊಂದು ಸಲ ಉಚಿತ ಟೆಸ್ಟ್ ಮಾಡಿ ಹೊಸದಾಗಿ ಶುರು ಮಾಡೋಣ ಅಂದಳು.

‘ಆಯ್ತಮ್ಮ, ಸ್ಯಾಂಪಲ್‌ಗೆ ಎಷ್ಟು ಗಂಟೆಗೆ ಬರ್ತೀರಿ?’ ಅಂತ ಕೇಳಿದೆ.

‘ಮೊದಲನೇ ಟೆಸ್ಟ್ ಅಲ್ವಾ ಸಾರ್, ಸಂಜೆ ಹೊತ್ತು ಯಾವಾಗಲಾದರೂ ಆಗುತ್ತೆ.’